ಬಾಗಿಲು ಕಾದ ಇಪ್ಪತ್ತೆರಡು ದಿನ

ಡಿಸೆಂಬರ್ ಬಂತೆಂದರೆ ಕ್ರಿಸ್‌ಮಸ್‌ಗಾಗಿ ಸುಣ್ಣಬಣ್ಣ, ಹೊಸಬಟ್ಟೆ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರುವ ಗೋದಲಿ, ಹಬ್ಬದ ತಿಂಡಿ ಕುಸ್ವಾರ್. 24ರ ರಾತ್ರಿ ಪೂಜೆಗೆ ಕೂರುವಷ್ಟರಲ್ಲಿ ನನಗೆ ಕಣ್ಣು ಎಳೆಯುತ್ತಿತ್ತು. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಆ ಯೇಸು ಬರುವ ಹೊತ್ತಿಗೆ ನಿದ್ದೆ! ಈ ನೋವು ವರ್ಷಗಟ್ಟಲೆ ನನ್ನೊಳಗಿತ್ತು.

2023ರ ಡಿಸೆಂಬರ್ 3, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲವಾದ ಆಗಮನ ಕಾಲದ ಮೊದಲ ಭಾನುವಾರ. ಅಂದು ಪೂಜೆಯಲ್ಲಿ ಓದಿದ್ದು ಬೈಬಲಿನ ಮಾರ್ಕನ ಶುಭಸಂದೇಶದ 13ನೇ ಅಧ್ಯಾಯ. ದೂರದ ಊರಿಗೆ ಹೊರಟ ಯಜಮಾನ, ಎಚ್ಚರವಾಗಿರು ಎಂದು ಬಾಗಿಲು ಕಾಯುವವನಿಗೆ ಹೇಳಿಹೋಗುತ್ತಾನೆ. ಸಂಜೆಗೋ, ನಡುರಾತ್ರಿಗೋ, ಕೋಳಿ ಕೂಗುವಾಗಲೋ, ಬೆಳಗಿಗೋ, ಯಾವಾಗ ಮರಳುತ್ತಾನೆಂಬುದು ಗೊತ್ತಿಲ್ಲ. ನಮ್ಮ ಕನ್ನಡದಲ್ಲಿ ಕಾಯುವುದೆಂದರೆ ಎದುರುನೋಡುವುದೂ ಹೌದು, ಕಾವಲಿರುವುದೂ ಹೌದು. ನಾನು ಎದುರುನೋಡಿದ್ದೆ, ಕಾವಲಿರಲಿಲ್ಲ.

ಹಿಂದೊಮ್ಮೆ ದಿನವೂ ಜಪಸರ, ಉಪವಾಸ, ಬೈಬಲ್ ಎಂದೆಲ್ಲ ಹೊರಟು ಎರಡನೇ ವಾರಕ್ಕೇ ಬಿಟ್ಟಿದ್ದೆ. ಈ ಸಲ ಒಂದೇ ಒಂದು ಇಟ್ಟುಕೊಂಡೆ. ಬೆಳಗಿನ ಐದಕ್ಕೆ ಎದ್ದು, ಮೊಬೈಲನ್ನು ಅಡುಗೆಮನೆಯಲ್ಲೇ ಬಿಟ್ಟು, ಮೇಣದಬತ್ತಿ ಹಚ್ಚಿ ಆ ದಿನದ ಶುಭಸಂದೇಶ ಓದುವುದು. ಆಮೇಲೆ ಹತ್ತು ನಿಮಿಷ ಏನನ್ನೂ ಬೇಡದೆ ಕೂರುವುದು.

ಹಿತ್ತಾಳೆ ತಟ್ಟೆಯ ಸುತ್ತ ಸರ್ವೆ ಮರದ ಸೊಪ್ಪು ಜೋಡಿಸಿದ್ದೆ. ಭಾನುವಾರಕ್ಕೊಂದರಂತೆ ಹಚ್ಚಲು ನಾಲ್ಕು ಬತ್ತಿ ಬೇಕಿತ್ತು. ಆಗಮನ ಕಾಲದ ಬಣ್ಣವಾದ ನೇರಳೆ ಬತ್ತಿ ಅಂಗಡಿಯಲ್ಲಿ ಸಿಗಲಿಲ್ಲ. ನಾಲ್ಕು ಬಿಳಿ ಬತ್ತಿಗಳಲ್ಲಿ ಮೂರಕ್ಕೆ ನೇರಳೆ ರಿಬ್ಬನ್, ಮೂರನೇ ಭಾನುವಾರದ್ದಕ್ಕೆ ಗುಲಾಬಿ ರಿಬ್ಬನ್ ಕಟ್ಟಿದೆ. ಎರಡನೇ ವಾರದ ಹೊತ್ತಿಗೆ ಮೊದಲ ಬತ್ತಿ ಅರ್ಧಕ್ಕಿಳಿದಿತ್ತು. ಕರಗಿದ ಮೇಣ ತಟ್ಟೆಯಂಚಿನಲ್ಲಿ ಹೆಪ್ಪುಗಟ್ಟಿತ್ತು. ಎಷ್ಟು ದಿನ ಎದ್ದಿದ್ದೇನೆಂಬುದಕ್ಕೆ ಅದೇ ಲೆಕ್ಕ.

ಕಷ್ಟವಾಗಿದ್ದು ಆ ಹತ್ತು ನಿಮಿಷ. ಮನಸ್ಸು ಸುಮ್ಮನಾದರೆ ಸಾಕು, ನಾದಿನಿಯ ಮುಖ ಎದುರಿಗೆ ಬರುತ್ತಿತ್ತು. ಮನೆಯ ಪಾಲಿನ ವಿಷಯಕ್ಕೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಪ್ರಾರ್ಥನೆಗೆ ಅಡ್ಡಿಯೆಂದು ಅವಳ ನೆನಪನ್ನು ದಿನವೂ ದೂಡುತ್ತಿದ್ದೆ. ಬಾಗಿಲು ತಟ್ಟುತ್ತಿರುವವಳನ್ನೇ ಹೊರಗೆ ನಿಲ್ಲಿಸಿದ್ದೇನೆಂದು ಹೊಳೆಯಲು ಹದಿನೈದು ದಿನ ಹಿಡಿಯಿತು. ಗುರುಗಳ ಬಳಿ ಪಾಪನಿವೇದನೆಗೆ ಹೋಗುವ ಮುನ್ನವೇ ಅವಳಿಗೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆಯುವ ಮೊದಲೇ ಅವಳು, "ಅತ್ತಿಗೆ, ಕುಸ್ವಾರ್‌ಗೆ ಕಾಯಿ ತುರಿದಾಯಿತೇ?" ಎಂದು ಕೇಳಿದಳು. ನನಗೆ ಅಳು ಬಂತು. ಪಾಲಿನ ವಿಷಯ ಇನ್ನೂ ಬಗೆಹರಿದಿಲ್ಲ, ಆದರೆ ಮಾತಿದೆ.

ಆ ವರ್ಷ ನಾಲ್ಕನೇ ಭಾನುವಾರವೂ 24ನೇ ತಾರೀಖೂ ಒಂದೇ ದಿನ. ಡಿಸೆಂಬರ್ 3ರಿಂದ ಎಣಿಸಿದರೆ ಇಪ್ಪತ್ತೆರಡೇ ದಿನ, ಆಗಮನ ಕಾಲ ಅದಕ್ಕಿಂತ ಚಿಕ್ಕದಾಗುವುದಿಲ್ಲ. ಬೆಳಿಗ್ಗೆ ನಾಲ್ಕನೇ ಬತ್ತಿ ಹಚ್ಚಿದೆ. ರಾತ್ರಿ ಪೂಜೆಗೆ ನಾನೂ ನಾದಿನಿಯೂ ಒಂದೇ ಬೆಂಚಿನಲ್ಲಿ ಕುಳಿತೆವು. ಆಗಮನದ ಭಾನುವಾರಗಳಲ್ಲಿ ಹಾಡದಿದ್ದ ದೇವಸ್ತುತಿಯ ಹಾಡು ಗ್ಲೋರಿಯಾ ಗಂಟೆಗಳ ಜೊತೆ ಎದ್ದಾಗ ನಾನು ಎಚ್ಚರವಾಗಿದ್ದೆ.