ವರ್ಜೀನಿಯಾದ ಹೋಂಸ್ಕೂಲ್ ಡೇ: ಸೋಮವಾರಪೇಟೆಯ ಕಾಫಿ ಕಣದಿಂದ ಒಂದಿಷ್ಟು ಮಾತು

ಡಿಸೆಂಬರ್ ಬಂದರೆ ನಮ್ಮ ಸೋಮವಾರಪೇಟೆ ಕಡೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅರೇಬಿಕಾ ಕುಯಿಲು, ಸಂಜೆಯಾದ ಮೇಲೂ ಪಲ್ಪರ್ ಸದ್ದು, ಕಣದ ತುಂಬ ಕಾಫಿ. ಈ ಸಲ ನನ್ನ ಇಬ್ಬರು ಮಕ್ಕಳೂ ಅದೇ ಕಣದಲ್ಲಿ ಬರಿಗಾಲಲ್ಲಿ ಕಾಫಿ ಎಳೆಯುತ್ತಿದ್ದಾರೆ. ಪಕ್ಕದ ತೋಟದವರು ಬಂದವರು, "ಏನಮ್ಮ, ಅಮೆರಿಕದಲ್ಲಿ ಈಗ ಸ್ಕೂಲಿಗೆ ರಜೆಯಾ?" ಅಂತ ಕೇಳಿದರು. "ರಜೆಯೂ ಇಲ್ಲ, ಸ್ಕೂಲೂ ಇಲ್ಲ" ಅಂದೆ. ಅವರು ಅಪ್ಪನ ಮುಖ ನೋಡಿದರು. ಅಪ್ಪ ಕಾಫಿ ಕಡೆ ನೋಡಿದರು.

ನಾವಿರುವುದು ವರ್ಜೀನಿಯಾದಲ್ಲಿ. ಮೂರು ವರ್ಷದಿಂದ ಮಕ್ಕಳಿಗೆ ಮನೆಯಲ್ಲೇ ಪಾಠ. ಹೊರಗಿರುವ ನಮ್ಮ ಕಡೆಯವರು ಫೋನ್ ಮಾಡಿದಾಗ ಕೇಳುವುದು ಎರಡೇ: ಇದು ಕಾನೂನಿಗೆ ಸರಿಯಾ? ಮತ್ತೆ, ಆ ಹೋಂಸ್ಕೂಲ್ ಡೇ ಫೋಟೋ ಹಾಕ್ತೀಯಲ್ಲ, ಅದೇನು? ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಹೋಂಸ್ಕೂಲ್ ಅಂದರೆ ಹೀಗೆ ಮನೆಯಲ್ಲೇ ಪಾಠ, ಹೋಂಸ್ಕೂಲ್ ಡೇ ಅಂದರೆ ಅಂಥ ಕುಟುಂಬಗಳಿಗೆಂದೇ ಮ್ಯೂಸಿಯಂನಂಥ ಜಾಗಗಳು ಇಡುವ ದಿನ.

ಮೊದಲು ಕಾನೂನು. ಅಮೆರಿಕದ 50 ರಾಜ್ಯಗಳಲ್ಲೂ ಹೋಂಸ್ಕೂಲಿಂಗ್ ಕಾನೂನುಬದ್ಧ. ಆದರೆ ನಿಯಮ ರಾಜ್ಯಕ್ಕೊಂದು. ವರ್ಜೀನಿಯಾದಲ್ಲಿ ಪ್ರತಿ ವರ್ಷ ಆಗಸ್ಟ್ 15ರ ಒಳಗೆ ನಿಮ್ಮ ಶಾಲಾ ವಿಭಾಗದ ಸೂಪರಿಂಟೆಂಡೆಂಟ್‌ಗೆ ನೋಟಿಸ್ ಆಫ್ ಇಂಟೆಂಟ್, ಅಂದರೆ ಮನೆಯಲ್ಲೇ ಕಲಿಸುತ್ತೇವೆ ಅನ್ನುವ ಪತ್ರ, ಕೊಡಬೇಕು. ಈ ತಾರೀಖನ್ನು ನಮ್ಮವರು ಮರೆಯಲು ಸಾಧ್ಯವೇ ಇಲ್ಲ ಅಲ್ವಾ? ಅದರ ಜೊತೆ ಈ ವರ್ಷ ಕಲಿಸುವ ವಿಷಯಗಳ ಪಟ್ಟಿ ಇಡಬೇಕು. ಗಣಿತ, ಇಂಗ್ಲಿಷ್, ವಿಜ್ಞಾನ, ಇತಿಹಾಸ, ಕನ್ನಡ ಅಂತ ಹೆಸರು ಬರೆದರೆ ಸಾಕು. ಯಾವ ಪುಸ್ತಕ, ಎಷ್ಟು ಗಂಟೆಗೆ ಯಾವ ಪಾಠ ಅಂತ ಬಿಡಿಸಿ ಬರೆಯಬೇಕಿಲ್ಲ. ಕಲಿಸುವವರ ಅರ್ಹತೆಗೆ ನಾಲ್ಕು ದಾರಿಗಳಿವೆ, ಅದರಲ್ಲಿ ಸುಲಭದ್ದು ಹೈಸ್ಕೂಲ್ ಡಿಪ್ಲೊಮಾ ಅಥವಾ ಅದಕ್ಕಿಂತ ಮೇಲಿನ ಓದು. ನಾನು ಇಲ್ಲಿನ ಡಿಗ್ರಿ ಸರ್ಟಿಫಿಕೇಟ್ ಪ್ರತಿ ಕಳಿಸಿದೆ, ಯಾರೂ ಮರುಮಾತಾಡಲಿಲ್ಲ.

ವರ್ಷದ ಮಧ್ಯದಲ್ಲಿ ಶುರು ಮಾಡುವುದಾದರೆ ಆದಷ್ಟು ಬೇಗ ನೋಟಿಸ್ ಕೊಟ್ಟು, 30 ದಿನದೊಳಗೆ ಉಳಿದದ್ದನ್ನು ಪೂರೈಸಬೇಕು. ಮಗು ಆಗಲೇ ಶಾಲೆಗೆ ಹೋಗುತ್ತಿದ್ದರೆ ಬಿಡಿಸುವ ವಿಷಯ ಶಾಲೆಗೂ ಬರವಣಿಗೆಯಲ್ಲಿ ತಿಳಿಸಿ. ಸುಮ್ನೆ ನಿಲ್ಲಿಸಿದರೆ ಅದು ಗೈರುಹಾಜರಿ, ಅದಕ್ಕೆ ಬೇರೆಯೇ ಕಾನೂನು ಇದೆ.

ಮುಂದಿನ ಆಗಸ್ಟ್ 1ಕ್ಕೆ ಮಗು ಮುಂದೆ ಹೋಗಿದೆ ಅಂತ ತೋರಿಸಬೇಕು. ಒಂದೋ ರಾಷ್ಟ್ರಮಟ್ಟದ ಪರೀಕ್ಷೆ ಬರೆಸಿ ಒಟ್ಟು ಅಂಕದಲ್ಲಿ ನಾಲ್ಕನೇ ಸ್ಟನೈನ್ (ಅಂಕಗಳನ್ನು ಒಂಬತ್ತು ಹಂತ ಮಾಡುವ ಲೆಕ್ಕ) ಅಥವಾ ಮೇಲಿರಬೇಕು. ಗಾಬರಿ ಬೇಡ, ಅದು 23ನೇ ಪರ್ಸೆಂಟೈಲ್ ಅಷ್ಟೆ, ಅಂದರೆ ನೂರರಲ್ಲಿ ಸುಮಾರು 23 ಮಕ್ಕಳಿಗಿಂತ ಮುಂದಿದ್ದರೆ ಸಾಕು. ಇಲ್ಲವೇ ಅರ್ಹರಾದವರಿಂದ ಮೌಲ್ಯಮಾಪನ ಮಾಡಿಸಿ ಪತ್ರ ಕಳಿಸಬೇಕು. ನಾವು ಎರಡನೇ ದಾರಿ ಹಿಡಿದವರು. ಹಾಗಾಗಿ ವರ್ಷಪೂರ್ತಿ ಒಂದು ದಪ್ಪ ಫೈಲ್ ತುಂಬಬೇಕು. ಹೋಂಸ್ಕೂಲ್ ಡೇ ಮುಖ್ಯ ಆಗುವುದು ಇಲ್ಲೇ. ಒಂದೇ ದಿನದಲ್ಲಿ ಇತಿಹಾಸ, ವಿಜ್ಞಾನ, ಬರವಣಿಗೆ ಮೂರೂ ಆ ಫೈಲಿಗೆ ಬರುತ್ತವೆ.

ಬೇರೆ ಕಡೆ ಇರುವವರಿಗೆ ಚುಟುಕಾಗಿ ಹೇಳುತ್ತೇನೆ. ಟೆಕ್ಸಾಸ್‌, ನ್ಯೂಜೆರ್ಸಿಯಲ್ಲಿ ನೋಟಿಸ್ ಕೊಡುವ ಕಡ್ಡಾಯವೇ ಇಲ್ಲ. ನ್ಯೂಯಾರ್ಕ್‌ನಲ್ಲಿ ಮೂರು ತಿಂಗಳಿಗೊಮ್ಮೆ ವರದಿ ಬರೆಯಬೇಕು. ಪೆನ್ಸಿಲ್ವೇನಿಯಾದಲ್ಲಿ ಅಫಿಡವಿಟ್, ಪೋರ್ಟ್‌ಫೋಲಿಯೊ, ಮೌಲ್ಯಮಾಪಕರು ಎಲ್ಲ ಬೇಕು. ಜರ್ಮನಿಯಲ್ಲಿರುವವರು ಈ ಆಸೆ ಬಿಟ್ಟುಬಿಡಿ, ಅಲ್ಲಿ ಮಗು ಶಾಲೆಗೇ ಹೋಗಬೇಕು. ಮನೆಪಾಠಕ್ಕೆ ಕಾನೂನು ಒಪ್ಪುವುದಿಲ್ಲ.

ಈಗ ಆ ದಿನದ ವಿಷಯ. ಶಾಲೆಗಳು ನಡೆಯುವ ವಾರದ ದಿನಗಳಲ್ಲಿ ಮ್ಯೂಸಿಯಂಗಳಿಗೆ ಜನ ಕಡಿಮೆ. ಅಂಥ ದಿನ ಹೋಂಸ್ಕೂಲ್ ಕುಟುಂಬಗಳನ್ನೇ ಕಡಿಮೆ ದರದಲ್ಲಿ ಕರೆಯುತ್ತಾರೆ. ವಿಲಿಯಮ್ಸ್‌ಬರ್ಗ್, ಜೇಮ್ಸ್‌ಟೌನ್, ಯಾರ್ಕ್‌ಟೌನ್ ಮೂರೂ ಅಕ್ಕಪಕ್ಕದಲ್ಲೇ ಇವೆ, ಮೂರು ಕಡೆಯೂ ಹೋಂಸ್ಕೂಲ್‌ನವರಿಗೆ ಬೇರೆ ದಿನಗಳಿರುತ್ತವೆ. ಸಣ್ಣ ಊರಿನ ನೇಚರ್ ಸೆಂಟರ್‌ಗಳಲ್ಲೂ ಇದು ನಡೆಯುತ್ತದೆ, ಅಲ್ಲಿ ಗಲಾಟೆಯೂ ಕಡಿಮೆ. ನನ್ನ ಕೇಳಿದರೆ ಮೊದಲ ಸಲ ಅಂಥ ಸಣ್ಣ ಜಾಗಕ್ಕೇ ಹೋಗಿ.

ಮುಂಚೆಯೇ ಆನ್‌ಲೈನ್‌ನಲ್ಲಿ ಹೆಸರು ಬರೆಸಬೇಕು. ನಾವು ಮೊದಲ ಸಲ "ಹೋಗಿ ಟಿಕೆಟ್ ತಗೊಂಡ್ರಾಯ್ತು" ಅಂತ ಎರಡು ಗಂಟೆ ಕಾರು ಓಡಿಸಿಕೊಂಡು ಹೋದೆವು. ಬಾಗಿಲಲ್ಲಿ ನಗುನಗುತ್ತಲೇ ವಾಪಸ್ ಕಳಿಸಿದರು. ಪಾರ್ಕಿಂಗ್‌ನಲ್ಲಿ ಕೂತು ಚಿತ್ರಾನ್ನ ತಿಂದು ಬಂದದ್ದೇ ಆ ದಿನದ ಕಲಿಕೆ. ಇನ್ನೊಂದು ವಿಷಯ, ಮಕ್ಕಳನ್ನು ಬಿಟ್ಟು ಹೋಗುವ ಹಾಗಿಲ್ಲ. ಹೆಚ್ಚಿನ ಕಡೆ ಒಬ್ಬ ದೊಡ್ಡವರು ಜೊತೆಗೇ ಇರಬೇಕು. ಊಟ ಕಟ್ಟಿಕೊಂಡು ಹೋಗಿ, ಆದರೆ ಕಡಲೆಕಾಯಿ ಚಟ್ನಿಪುಡಿ ಬೇಡ. ಕಡಲೆಕಾಯಿ ಅಲರ್ಜಿ ಇರುವ ಮಕ್ಕಳು ಅಲ್ಲಿ ಜಾಸ್ತಿ, ನಿಮ್ಮ ಮಗು ಹಂಚಿ ತಿನ್ನುವ ಜಾತಿಯದಾದರೆ ಇನ್ನೂ ಕಷ್ಟ.

ಒಳಗೆ ಹೋದರೆ ಅಲ್ಲಲ್ಲಿ ಒಂದೊಂದು ಕೆಲಸ ನಡೆಯುತ್ತಿರುತ್ತದೆ. ಹಳೇ ಕಾಲದ ಉಡುಪಿನವರು ಬೆಣ್ಣೆ ಕಡೆಯುತ್ತಾರೆ, ಕುಲುಮೆಯಲ್ಲಿ ಮೊಳೆ ಬಡಿಯುತ್ತಾರೆ, ಗರಿಯ ಲೇಖನಿಯಲ್ಲಿ ಬರೆಸುತ್ತಾರೆ. ಮಕ್ಕಳು ಕೈ ಹಾಕಬೇಕು, ಅದೇ ಆಟ. ನನ್ನ ಮಗ ಮುಸುಕಿನ ಜೋಳ ಕುಟ್ಟುವ ಮರದ ಒರಳನ್ನು ನೋಡಿ "ಅಜ್ಜಿ ಮನೇಲಿ ಇದೆ" ಅಂತ ಕೂಗಿದ. ಒನಕೆ ಹಿಡಿಯುವುದು ಹೇಗೆ ಅಂತ ಅಲ್ಲಿದ್ದವರಿಗೇ ತೋರಿಸಿಕೊಟ್ಟ. ಅವರು ಒಂದು ಚೂರೂ ಬೇಸರ ಮಾಡಿಕೊಳ್ಳದೆ ನೋಡಿದರು. ಜೇಮ್ಸ್‌ಟೌನ್‌ನಲ್ಲಿ ಪೌಹಾಟನ್ ಜನರ ಹಳ್ಳಿಯನ್ನು ಮತ್ತೆ ಕಟ್ಟಿದ್ದಾರೆ. ಅಲ್ಲಿನ ಮೂಲನಿವಾಸಿಗಳು ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಟ್ಟಿಗೇ ಬಿತ್ತುತ್ತಿದ್ದರು. ಜೋಳದ ದಂಟು ಹುರುಳಿಕಾಯಿ ಬಳ್ಳಿಗೆ ಆಸರೆ, ಕುಂಬಳದ ಎಲೆ ನೆಲಕ್ಕೆ ನೆರಳು. ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬಿಸಿ ಕೆಳಗೆ ಕಾಫಿ ಬೆಳೆದವರಿಗೆ ಇದನ್ನು ವಿವರಿಸಬೇಕಾ? ಆದರೆ ಮಕ್ಕಳಿಗೆ ಆ ಹೋಲಿಕೆ ನಾವೇ ಹೇಳಬೇಕು. ಅಲ್ಲಿನ ಗೈಡ್‌ಗೆ ನಮ್ಮ ತೋಟ ಗೊತ್ತಿಲ್ಲ.

ಇಂಥದೇ ಇನ್ನೊಂದು ನಂಟು ನನಗೆ ಸಿಕ್ಕಿದ್ದು ಯಾರ್ಕ್‌ಟೌನ್‌ನಲ್ಲಿ. 1781ರ ಅಕ್ಟೋಬರ್ 19ರಂದು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯ ಅಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಶರಣಾಯಿತು. ಕಾರ್ನ್‌ವಾಲಿಸ್ ತಾನೇ ಬರಲಿಲ್ಲ. ಹುಷಾರಿಲ್ಲ ಅಂತ ಹೇಳಿ ಕೈಕೆಳಗಿನವನನ್ನು ಕಳಿಸಿದ. ಮಕ್ಕಳಿಗೆ ಈ ಕಥೆ ಬಹಳ ಇಷ್ಟ, ಪರೀಕ್ಷೆ ದಿನ ಹೊಟ್ಟೆನೋವು ಅಂದ ಹಾಗೆ. ನಾನು ಫಿರಂಗಿ ನೋಡುತ್ತಾ ನಿಂತಿದ್ದೆ. ಇವನ ಹೆಸರು ನಮ್ಮ ಶಾಲೆಯ ಸಮಾಜ ಪುಸ್ತಕದಲ್ಲಿ ಇತ್ತಲ್ಲ ಅಂತ ಆಗ ಹೊಳೆಯಿತು. ಅದೇ ಮನುಷ್ಯ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ. ಅವನಿಗೆ ನೆರವಾಗಲು ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಮಲಬಾರಿನಿಂದ ಘಟ್ಟ ಹತ್ತಿ ಬಂದದ್ದು ನಮ್ಮ ಕೊಡಗಿನ ಮೇಲೆ. ದಾರಿ ಬಿಟ್ಟು, ದವಸಧಾನ್ಯ ಒದಗಿಸಿದ್ದು ಆಗಿನ ಕೊಡಗಿನ ರಾಜ ದೊಡ್ಡವೀರರಾಜೇಂದ್ರ. ವಿರಾಜಪೇಟೆ ಹುಟ್ಟಿದ್ದೂ ಅದೇ 1792ರಲ್ಲಿ.

ಇದನ್ನು ಯಾರ್ಕ್‌ಟೌನ್‌ನ ಯಾವ ಹಾಳೆಯಲ್ಲೂ ನಾನು ನೋಡಲಿಲ್ಲ. ಮ್ಯೂಸಿಯಂನವರು ಕೊಡುವ ವರ್ಕ್‌ಶೀಟ್ ತುಂಬಿಸಿ ಮುಗಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ. ಆ ಹಾಳೆ ಅಲ್ಲಿನ ಮಕ್ಕಳಿಗೆ ಮಾಡಿದ್ದು. ಅದರ ಹಿಂಬದಿ ಖಾಲಿ ಇರುತ್ತದೆ, ನಮ್ಮದನ್ನು ಅಲ್ಲಿ ಬರೆಸಿ.

ಕಷ್ಟದ ಇತಿಹಾಸವೂ ಎದುರಾಗುತ್ತದೆ. 1619ರಲ್ಲಿ ಆಫ್ರಿಕಾದ ಜನರನ್ನು ಹಿಡಿದು ತಂದು ಇಳಿಸಿದ್ದು ಇದೇ ವರ್ಜೀನಿಯಾದ ತೀರದಲ್ಲಿ. ಕೆಲವು ಅಪ್ಪ ಅಮ್ಮಂದಿರು ಆ ಮೂಲೆ ಬಂದಾಗ ಮಕ್ಕಳನ್ನು ಐಸ್‌ಕ್ರೀಮ್ ಕಡೆ ಕರೆದುಕೊಂಡು ಹೋಗುತ್ತಾರೆ. ನಾವು ನಿಂತು ಕೇಳಿದೆವು. ಮಗಳು ಕಾರಿನಲ್ಲಿ ಕೇಳಿದಳು, "ನಮ್ಮ ಕಡೆ ಹೀಗೆಲ್ಲ ಇರ್ಲಿಲ್ಲ ಅಲ್ವಾ?" ಕೊಡಗಿನ ಗದ್ದೆಗಳಲ್ಲಿ ಯರವ ಬುಡಕಟ್ಟಿನವರು ತಲೆಮಾರುಗಟ್ಟಲೆ ಜೀತ ಮಾಡಿದ್ದನ್ನು ಹೇಳಬೇಕಾಯಿತು. ಜೀತ ನಿಷೇಧಿಸುವ ಕಾನೂನು ಬಂದದ್ದು 1976ರಲ್ಲಿ, ಅಂದರೆ ಅವಳ ತಾತ ಹುಡುಗನಾಗಿದ್ದಾಗ. ಕಾರಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಇನ್ನು ಕಾಡಿನ ಭಾಗ. ಮಳೆಗಾಲದ ಕೊಡಗಿನಲ್ಲಿ ಬೆಳೆದವರಿಗೆ ಕಾಡೇನು ಹೊಸದಲ್ಲ, ಆದರೆ ನಮ್ಮ ಅಭ್ಯಾಸಗಳೇ ಅಲ್ಲಿ ಕೈಕೊಡುತ್ತವೆ. ಜಿಗಣೆ ಹತ್ತಿದರೆ ಉಪ್ಪೋ ಸುಣ್ಣವೋ ಹಚ್ಚುತ್ತೇವೆ, ಉದುರುತ್ತದೆ, ರಕ್ತ ಸುರಿಯುತ್ತದೆ, ಮುಗಿಯಿತು. ಅಲ್ಲಿ ಇರುವುದು ಉಣುಗು. ಜಿಂಕೆಯ ಮೇಲಿರುವ ಒಂದು ಜಾತಿ ಎಳ್ಳುಕಾಳಿನಷ್ಟು ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಅದಕ್ಕೆ ಉಪ್ಪು, ಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಚೂಪು ಚಿಮುಟದಿಂದ ಚರ್ಮಕ್ಕೆ ಹತ್ತಿರದಲ್ಲೇ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಕಚ್ಚಿಕೊಂಡಿದ್ದರೆ ಕಾಯಿಲೆ ಹರಡುವುದು, ಅದಕ್ಕೇ ಅವತ್ತು ಸಂಜೆಯೇ ಸ್ನಾನ ಮಾಡಿಸುವಾಗ ಕಿವಿ ಹಿಂದೆ, ಕಂಕುಳು, ಮಂಡಿ ಹಿಂಭಾಗ ನೋಡಿಬಿಡಿ. ಮೂರು ಮೂರು ಎಲೆ ಇರುವ ಪಾಯ್ಸನ್ ಐವಿ ಬಳ್ಳಿಯನ್ನು ಮೊದಲ ದಿನವೇ ಮಕ್ಕಳಿಗೆ ತೋರಿಸಿ. ಮುಟ್ಟಿದರೆ ವಾರಗಟ್ಟಲೆ ತುರಿಕೆ.

ಗರಿ ಆರಿಸುವ ಚಟ ಇರುವ ಮಕ್ಕಳಿದ್ದರೆ ಇದನ್ನೂ ಹೇಳಿ: 1918ರ ವಲಸೆ ಹಕ್ಕಿಗಳ ಕಾಯ್ದೆ ಪ್ರಕಾರ ಅಲ್ಲಿನ ಹೆಚ್ಚಿನ ಕಾಡುಹಕ್ಕಿಗಳ ಗರಿ ಇಟ್ಟುಕೊಳ್ಳುವುದೇ ತಪ್ಪು. ನೆಲದಲ್ಲಿ ಬಿದ್ದದ್ದೂ ಅಷ್ಟೇ. ನನ್ನ ಮಗನ ಜೇಬಿನಿಂದ ನೀಲಿ ಗರಿ ಹೊರಗೆ ತೆಗೆಸುವಾಗ ಅವನಿಗಿಂತ ನನಗೇ ಬೇಜಾರಾಯಿತು. ಈಗ ಗರಿಯ ಚಿತ್ರ ಬಿಡಿಸುತ್ತಾನೆ. ಫೈಲಿಗೂ ಅದೇ ಚೆನ್ನ.

ರಾಷ್ಟ್ರೀಯ ಉದ್ಯಾನಗಳಲ್ಲಿ ಜೂನಿಯರ್ ರೇಂಜರ್ ಅಂತ ಒಂದಿದೆ. ಪುಸ್ತಿಕೆಯಲ್ಲಿನ ಚಟುವಟಿಕೆ ಮುಗಿಸಿ ರೇಂಜರ್‌ಗೆ ತೋರಿಸಿದರೆ, ಕೈ ಎತ್ತಿಸಿ ಪ್ರಮಾಣ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ನಾಲ್ಕನೇ ತರಗತಿಯ ಮಕ್ಕಳಿಗೆ ಒಂದು ವರ್ಷದ ಉಚಿತ ಪಾಸ್ ಕೂಡ ಇದೆ, ಅದೇ ವಯಸ್ಸಿನ ಹೋಂಸ್ಕೂಲ್ ಮಕ್ಕಳಿಗೂ ಸಿಗುತ್ತದೆ. ಹೋಗುವ ಮುಂಚೆ ಆ ವರ್ಷದ ನಿಯಮ ಒಮ್ಮೆ ನೋಡಿಕೊಳ್ಳಿ. ನಮಗೆ ಹತ್ತಿರದ್ದು ಶೆನಂಡೋವಾ. 1935ರಲ್ಲಿ ಅದನ್ನು ಉದ್ಯಾನ ಮಾಡಲು ಬೆಟ್ಟದ ನೂರಾರು ಕುಟುಂಬಗಳನ್ನು ಎಬ್ಬಿಸಿದ್ದರು. ಕಾಡಿನ ನಡುವೆ ಅವರ ಮನೆಗಳ ಕಲ್ಲಿನ ಒಲೆಗೂಡು ಇನ್ನೂ ನಿಂತಿವೆ. ನಾಗರಹೊಳೆಯ ಕಾಡಿನಿಂದ ಎಬ್ಬಿಸಿದ ಜೇನುಕುರುಬರ ಕಥೆ ಗೊತ್ತಿದ್ದವರಿಗೆ ಅಲ್ಲಿ ಸುಮ್ಮನೆ ನಡೆಯುವುದು ಕಷ್ಟ.

ಈ ದಿನಗಳಲ್ಲಿ ಸಿಕ್ಕ ಕುಟುಂಬಗಳೇ ಮುಂದೆ ಕೋ-ಆಪ್‌ಗೆ ಕರೆಯುತ್ತವೆ. ಕೋ-ಆಪ್ ಅಂದರೆ ನಮ್ಮ ಮುಯ್ಯಾಳು. ನಾಟಿಗೆ ನೀವು ನಮ್ಮ ಗದ್ದೆಗೆ, ನಾವು ನಿಮ್ಮ ಗದ್ದೆಗೆ ಅನ್ನುವ ಹಾಗೆ, ಒಬ್ಬರು ಗಣಿತ ಹೇಳಿಕೊಟ್ಟರೆ ಇನ್ನೊಬ್ಬರು ಚಿತ್ರ. ಸೇರುವ ಮುಂಚೆ ಒಂದು ಮಾತು ಕೇಳಿ: ಧಾರ್ಮಿಕ ಒಪ್ಪಂದಕ್ಕೆ ಸಹಿ ಹಾಕಬೇಕಾ? ಎಷ್ಟೋ ಕೋ-ಆಪ್‌ಗಳು ಕ್ರೈಸ್ತ ನಂಬಿಕೆಯ ಹೇಳಿಕೆಗೆ ಸಹಿ ಕೇಳುತ್ತವೆ. ಅದು ಅವರ ಹಕ್ಕು. ನಮಗೆ ಬೇಕಾದ್ದು ಸೆಕ್ಯುಲರ್ ಅಥವಾ ಇನ್‌ಕ್ಲೂಸಿವ್ ಅಂತ ಹೇಳಿಕೊಳ್ಳುವ ಗುಂಪು. ಹುಡುಕಿದರೆ ಸಿಗುತ್ತವೆ.

ವಾಪಸ್ ಊರಿಗೆ ಬಂದರೆ? ಇದು ಅಪ್ಪನ ಪ್ರಶ್ನೆ. ಟಿಸಿ ಇಲ್ಲದ ಮಗುವನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ ಅಂತ ಅವರ ಚಿಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ 6ರಿಂದ 14ರ ಒಳಗಿನ, ಶಾಲೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಆ ಮೇಲೆ ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ, 14 ತುಂಬಿದರೆ ಹತ್ತನೆಯದಕ್ಕೆ ಕಟ್ಟಬಹುದು. ಆದರೂ ಅಮೆರಿಕದ ನೋಟಿಸ್ ಪ್ರತಿ, ಮೌಲ್ಯಮಾಪನ ಪತ್ರ, ಫೈಲು ಎಲ್ಲ ಜೋಪಾನವಾಗಿಡಿ. ಇಲ್ಲಿನ ಹೆಡ್‌ಮಾಸ್ಟರ ಮೇಜಿನ ಮೇಲೆ ಕಾನೂನಿಗಿಂತ ಸೀಲು ಹಾಕಿದ ಕಾಗದಕ್ಕೆ ಬೆಲೆ ಜಾಸ್ತಿ.

ಕಳೆದ ವಾರ ಕುಯಿಲಿಗೆ ಒಂದು ದಿನ ಬಿಡುವು ಸಿಕ್ಕಿತು. ಮಕ್ಕಳನ್ನು ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಕರೆದುಕೊಂಡು ಹೋದೆವು. ದೊಡ್ಡವೀರರಾಜೇಂದ್ರ ಅದನ್ನು ಕಟ್ಟಿಸಲು ಶುರು ಮಾಡಿದ್ದೂ 1792ರಲ್ಲೇ. ಮಗಳು ಮೆಟ್ಟಿಲ ಮೇಲೆ ಕೂತು ಯಾರ್ಕ್‌ಟೌನ್‌ನ ವರ್ಕ್‌ಶೀಟ್ ತಿರುಗಿಸಿ ಬರೆದಳು: "ಅಲ್ಲಿ ಸೋತು, ಹುಷಾರಿಲ್ಲ ಅಂತ ಹೇಳಿದವನಿಗೆ ಇಲ್ಲಿ ಪ್ರಮೋಷನ್ ಹೇಗೆ ಸಿಕ್ಕಿತು?" ಉತ್ತರ ಇನ್ನೂ ಬರೆದಿಲ್ಲ. ಹಾಳೆ ಫೈಲಿನಲ್ಲಿದೆ, ಆಗಸ್ಟ್ 1ರವರೆಗೆ ಟೈಮ್ ಇದೆ.