ಒಂದು ಕಿವಿಗೆ ಒರಳು, ಇನ್ನೊಂದಕ್ಕೆ ಒನಕೆ

ಚನ್ನಪಟ್ಟಣದ ಅಡುಗೆ ಆಟದ ಸಾಮಾನುಗಳಲ್ಲಿ ಒರಳು, ಒನಕೆ, ಬೀಸುಕಲ್ಲು, ಲಟ್ಟಣಿಗೆ, ಬಿಂದಿಗೆ ಎಲ್ಲವೂ ಇರುತ್ತವೆ. ಅವುಗಳ ಇನ್ನೂ ಚಿಕ್ಕ ರೂಪಗಳನ್ನು ಹೇಳಿ ಮಾಡಿಸಿಕೊಂಡು, ಹತ್ತಿಯ ದಾರದಲ್ಲಿ ಪೋಣಿಸಿ ನಾನು ಓಲೆ ಮಾಡುತ್ತೇನೆ. ಒರಳು ಒಂದೂವರೆ ಸೆಂಟಿಮೀಟರ್ ಮೀರಬಾರದು, ಒನಕೆ ಅದಕ್ಕೆ ತಕ್ಕಂತಿರಬೇಕು. ಪೇಟೆಯ ಪ್ಲಾಸ್ಟಿಕ್ ಬರ್ಗರ್, ಐಸ್‌ಕ್ರೀಂ ಓಲೆಗಳಿಗಿಂತ ನನ್ನ ಮನಸ್ಸು ಇವುಗಳ ಮೇಲೆಯೇ.

ಈ ಸಾಮಾನುಗಳನ್ನು ಕಡೆಯುವ ಆಲೆ ಮರ ಹಗುರ, ಅದರ ಎಳೆಯೂ ನಯ. ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕುವ ಕಾವಿಗೇ ಅರಗು ಕರಗಿ ಹಿಡಿದುಕೊಳ್ಳುತ್ತದೆ. ಆಮೇಲೆ ತಾಳೆಗರಿ ಉಜ್ಜಿ ಹೊಳಪು ತರುತ್ತಾರೆ. ತೂತನ್ನೂ ನಾನು ಅಲ್ಲಿಯೇ, ಅರಗು ಹಾಕುವ ಮೊದಲೇ ಕೊರೆಸುತ್ತೇನೆ. ಮನೆಗೆ ತಂದು ಕೊರೆದರೆ ಅಂಚಿನ ಅರಗು ಚಕ್ಕೆ ಏಳುತ್ತದೆ. ತೂತು ನಡುವಿನಿಂದ ಸ್ವಲ್ಪ ಸರಿದರೂ ಒರಳು ವಾಲಿಕೊಂಡು ತೂಗುತ್ತದೆ. ಲೇತ್‌ನಲ್ಲಿ ಕಡೆದ ವಸ್ತುವಿನ ಇನ್ನೊಂದು ಅನುಕೂಲವೆಂದರೆ ಅದಕ್ಕೆ ಹಿಂದು ಮುಂದು ಇಲ್ಲ. ಕಿವಿಯಲ್ಲಿ ಎಷ್ಟೇ ತಿರುಗಿದರೂ ಚೆಂದವೇ.

ದಾರ ಒಂದು ಮಿಲಿಮೀಟರ್ ದಪ್ಪದ್ದು, ಮೇಣ ಹಚ್ಚಿದ್ದು. ಅದನ್ನು ಮಡಚಿ, ಮಡಿಕೆಯನ್ನು ಓಲೆಯ ಕೊಕ್ಕೆಗೆ ಸಿಕ್ಕಿಸುವ ಪುಟ್ಟ ಹಿತ್ತಾಳೆ ಬಳೆಯೊಳಗೆ ತೂರಿಸಿ, ಎರಡೂ ತುದಿಗಳನ್ನು ಆ ಮಡಿಕೆಯೊಳಗಿಂದಲೇ ಎಳೆದರೆ ಕುಣಿಕೆ ಬಿಗಿಯುತ್ತದೆ. ಎರಡೆಳೆ ಒಟ್ಟಿಗೆ ಇಳಿಯಬೇಕಾದ್ದರಿಂದ ತೂತು ಎರಡೂವರೆ ಮಿಲಿಮೀಟರ್ ಇರಬೇಕು. ಮೇಲೊಂದು ಹಿತ್ತಾಳೆ ಮಣಿ, ನಡುವೆ ಒರಳು, ಕೆಳಗೆ ಇನ್ನೊಂದು ಮಣಿ, ಕೊನೆಗೆ ಗಂಟು. ಗಂಟನ್ನು ಪೂರ್ತಿ ಬಿಗಿಯುವ ಮೊದಲು ಅದರೊಳಗೆ ಸೂಜಿ ಇಟ್ಟು, ಸೂಜಿಯಿಂದಲೇ ಮಣಿಯ ಬುಡದವರೆಗೆ ತಳ್ಳಿ, ಸೂಜಿ ತೆಗೆದು ಎಳೆಯುತ್ತೇನೆ. ಹಾಗೆ ಮಾಡಿದರೆ ನಡುವೆ ಸಡಿಲ ಉಳಿಯುವುದಿಲ್ಲ. ಬೆರಳಲ್ಲಿ ಒತ್ತಿದಾಗ ಮೈಯ ಬಿಸಿಗೆ ಮೇಣ ಮೆತ್ತಗಾಗಿ ಗಂಟು ಕೂತುಕೊಳ್ಳುತ್ತದೆ. ಉಳಿದ ತುದಿಯನ್ನು ಬಿಡಿಸಿ, ಸೀರೆ ಸೆರಗಿನ ಹಾಗೆ ಪುಟ್ಟ ಕುಚ್ಚು ಕಟ್ಟುತ್ತೇನೆ.

ಅಂಟು ಎಲ್ಲಿಯೂ ಇಲ್ಲ. ಇದು ನನ್ನ ಹಟವೆಂದರೂ ಸರಿ. ಅಂಟಿನಿಂದ ನಿಂತ ಓಲೆಯ ಬೆಸುಗೆ ಬಿಟ್ಟರೆ ವಸ್ತು ದಾರಿಯಲ್ಲೆಲ್ಲೋ ಬಿದ್ದುಹೋಗುತ್ತದೆ. ದಾರ ಹಾಗಲ್ಲ, ಸವೆದಿದ್ದು ಮೊದಲೇ ಕಣ್ಣಿಗೆ ಕಾಣುತ್ತದೆ.

ತೂಕ ನೋಡದೆ ಯಾವ ಜೋಡಿಯನ್ನೂ ಕೊಡುವುದಿಲ್ಲ. ಒರಳಿಗಿಂತ ಒನಕೆ ಹಗುರವಾದ್ದರಿಂದ ಒನಕೆಯ ಕಡೆ ಹಿತ್ತಾಳೆ ಮಣಿ ಹೆಚ್ಚು ಹಾಕಿ ತೂಗಿಸುತ್ತೇನೆ. ಒಂದೊಂದೂ ಐದು ಗ್ರಾಂ ಒಳಗೇ ಇರಬೇಕು. ಕೊಕ್ಕೆ ಸರ್ಜಿಕಲ್ ಸ್ಟೀಲಿನದು. ಅಗ್ಗದ ಕೊಕ್ಕೆಗಳ ನಿಕಲ್ ಎಷ್ಟೋ ಜನರ ಕಿವಿಗೆ ಆಗಿಬರುವುದಿಲ್ಲ. ಹೆಲ್ಮೆಟ್ ಹಾಕುವವರಿಗೆ ಹಿಂದೆ ರಬ್ಬರ್ ಬಿರಡೆ ಕೊಡುತ್ತೇನೆ.

ಕೊಂಡವರಿಗೆ ತಪ್ಪದೆ ಹೇಳುವ ಮಾತೊಂದಿದೆ: ಸುಗಂಧ ದ್ರವ್ಯ ಹಾಕಿಕೊಂಡು, ಅದು ಆರಿದ ಮೇಲೆ ಓಲೆ ತೊಡಿ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಮುಟ್ಟಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಹೊಳಪು ಅಲ್ಲಿಗೇ ಹೋಗುತ್ತದೆ. ಕೊಳೆಯಾದರೆ ಒಣ ಹತ್ತಿಬಟ್ಟೆ ಸಾಕು. ದಾರ ಮಾಸಿದರೆ ಕತ್ತರಿಸಿ ತೆಗೆದು ಹೊಸದು ಪೋಣಿಸಿಕೊಡುತ್ತೇನೆ. ಆಗ ಹೆಚ್ಚಿನವರು ಬೇರೆ ಬಣ್ಣದ ದಾರ ಕೇಳುತ್ತಾರೆ. ಹಳದಿ ಒರಳಿಗೆ ಕಡುನೀಲಿ ದಾರ ನನ್ನ ಆಯ್ಕೆ.