ಹೋಲ್ಡನ್‌ನ ಬಾಯಿಗೆ ಕನ್ನಡ ಕೂರಿಸಿದ್ದು

ಅನುವಾದದ ಮೊದಲ ವಾಕ್ಯದಲ್ಲೇ ಹನ್ನೊಂದು ದಿನ ಸಿಕ್ಕಿಹಾಕಿಕೊಂಡಿದ್ದೆ. ‘ದಿ ಕ್ಯಾಚರ್ ಇನ್ ದ ರೈ’ ಕಾದಂಬರಿ ಶುರುವಾಗುವುದೇ ಒಂದು ಮುನಿಸಿನಿಂದ. ಹೋಲ್ಡನ್ ಎಂಬ ಹದಿನೇಳರ ಹುಡುಗ ಎದುರಿಗಿರುವವರಿಗೆ, ನಾನು ಎಲ್ಲಿ ಹುಟ್ಟಿದೆ, ನನ್ನ ಅಪ್ಪ ಅಮ್ಮ ಏನು ಮಾಡುತ್ತಿದ್ದರು ಎಂಬುದನ್ನೆಲ್ಲ ಹೇಳುವ ಮನಸ್ಸು ನನಗಿಲ್ಲ ಎಂದು ಮುಖ ತಿರುಗಿಸುತ್ತಾನೆ. ಎದುರಿಗಿರುವವರು ಯಾರು? ಇಂಗ್ಲಿಷಿನ ‘ಯೂ’ಗೆ ಆ ಚಿಂತೆಯೇ ಇಲ್ಲ. ಓದುಗ, ವೈದ್ಯ, ಸ್ನೇಹಿತ, ಗೋಡೆ, ಯಾರಾದರೂ ಆದೀತು. ಕನ್ನಡದಲ್ಲಿ ನೀನು ಎಂದರೆ ಒಂದು ನಂಟು, ನೀವು ಎಂದರೆ ಇನ್ನೊಂದು. ಸರ್ವನಾಮವನ್ನೇ ಬಿಟ್ಟು ಜಾರಿಕೊಳ್ಳೋಣವೆಂದರೆ ಕ್ರಿಯಾಪದದ ಬಾಲ ಗುಟ್ಟು ಬಿಟ್ಟುಕೊಡುತ್ತದೆ. ಕೇಳಬೇಕೆಂದಿದ್ದೀಯಾ, ಕೇಳಬೇಕೆಂದಿದ್ದೀರಾ, ಎರಡರಲ್ಲೊಂದು ಬರೆಯಲೇಬೇಕು.

ಹೊಟ್ಟೆಪಾಡಿಗೆ ನಾನು ಮಾಡುವುದು ಅನುವಾದವೇ. ವಿಮಾ ಪಾಲಿಸಿಯ ಷರತ್ತುಗಳು, ಯಂತ್ರಗಳ ಬಳಕೆಯ ಕೈಪಿಡಿ, ಔಷಧದ ಡಬ್ಬಿಯೊಳಗೆ ಮಡಚಿಟ್ಟ ಸಣ್ಣಕ್ಷರದ ಹಾಳೆ. ಅಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗುವುದಿಲ್ಲ. ಹದಿನೈದು ವರ್ಷ ಇದನ್ನೇ ಮಾಡಿ ಕೈ ಜಡ್ಡುಗಟ್ಟಿತು ಅನ್ನಿಸಿ, ಬರಿಯ ಸಾಧನೆಗೆಂದು ಅಮೆರಿಕದ ಜೆ. ಡಿ. ಸ್ಯಾಲಿಂಜರ್‌ನ ಈ ಕಾದಂಬರಿಯನ್ನು ಎತ್ತಿಕೊಂಡೆ. ಪ್ರಕಟಿಸುವ ಯೋಚನೆ ಅಂದೂ ಇರಲಿಲ್ಲ, ಇಂದೂ ಇಲ್ಲ. 1951ರ ಜುಲೈನಲ್ಲಿ ಹೊರಬಂದ ಪುಸ್ತಕ ಇನ್ನೂ ಹಕ್ಕುಸ್ವಾಮ್ಯದ ಬೇಲಿಯೊಳಗಿದೆ. ಬರೆದವನಂತೂ ಆ ಬೇಲಿಯ ವಿಷಯದಲ್ಲಿ ಬಹಳ ಬಿಗಿ. ಸಿನಿಮಾದವರಿಗೆ ಕೊಡಲಿಲ್ಲ. ತನ್ನ ನಾಯಕನನ್ನು ಮುದುಕನನ್ನಾಗಿ ಮಾಡಿ ಮತ್ತೊಬ್ಬರು ಬರೆದ ಕಾದಂಬರಿಯನ್ನು ತಡೆಯಲು 2009ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ದಾವೆ ಹೂಡಿದವನು. ಆದ್ದರಿಂದ ನನ್ನ ಹೋಲ್ಡನ್ ಕೋಲ್‌ಫೀಲ್ಡ್ ಎರಡು ನೋಟ್‌ಬುಕ್‌ಗಳಲ್ಲಿ, ಮೇಜಿನ ಕೆಳಖಾನೆಯಲ್ಲಿದ್ದಾನೆ.

ಕತೆ ಹೇಳುವಂಥದ್ದೇನೂ ಅಲ್ಲ. ಐದು ವಿಷಯಗಳಲ್ಲಿ ನಾಲ್ಕರಲ್ಲಿ ಫೇಲಾಗಿ ಪೆನ್ಸಿಲ್ವೇನಿಯಾದ ವಸತಿಶಾಲೆಯಿಂದ ಹೊರದಬ್ಬಿಸಿಕೊಂಡ ಹದಿನಾರರ ಹುಡುಗ, ಕ್ರಿಸ್‌ಮಸ್ ರಜೆಗೆ ಇನ್ನೂ ಕೆಲವು ದಿನ ಇರುವಾಗಲೇ ಶನಿವಾರ ರಾತ್ರಿ ರೈಲು ಹತ್ತುತ್ತಾನೆ. ಮನೆಗೆ ಹೋಗುವ ಧೈರ್ಯವಿಲ್ಲದೆ ಸೋಮವಾರದವರೆಗೆ ನ್ಯೂಯಾರ್ಕಿನಲ್ಲಿ ಅಲೆಯುತ್ತಾನೆ. ಮುಂದಿನ ವರ್ಷ, ಕ್ಯಾಲಿಫೋರ್ನಿಯಾದಲ್ಲಿ ಚಿಕಿತ್ಸೆಗೆಂದು ಇರುವಾಗ, ಅದನ್ನೆಲ್ಲ ನಮಗೆ ಹೇಳುತ್ತಾನೆ. ಇಷ್ಟೇ.

ಮೊದಲ ಕರಡಿನಲ್ಲಿ ನಾನು ಮಾಡಿದ್ದು ನನ್ನ ವೃತ್ತಿಯ ಪಾಪವನ್ನೇ. ಹೇಳಿದ್ದನ್ನೇ ಹೇಳಿದರೆ ಕತ್ತರಿಸುವುದು. ಹೋಲ್ಡನ್‌ನ ಮಾತಿನಲ್ಲಿ ಕತ್ತರಿಸಲು ಬೇಕಾದಷ್ಟಿದೆ. ವಾಕ್ಯದ ಕೊನೆಗೆ ‘ಆ್ಯಂಡ್ ಆಲ್’, ನಡುವೆ ‘ನಿಜ ಹೇಳಬೇಕೆಂದರೆ’, ಸಿಕ್ಕಿದ ನಾಮಪದದ ಹಿಂದೆಲ್ಲ ಒಂದು ಬೈಗುಳ. ಎಲ್ಲವನ್ನೂ ಸವರಿ, ಸ್ವಚ್ಛ ಗದ್ಯ ಮಾಡಿ, ಎರಡು ಅಧ್ಯಾಯಗಳನ್ನು ಅಕ್ಕನ ಮಗನಿಗೆ ಓದಲು ಕೊಟ್ಟೆ. ಅವನಿಗೂ ಆಗ ಹದಿನಾರು. ಓದಿ ಮುಗಿಸಿ ಕೇಳಿದ: “ಮಾವ, ಈ ಹುಡುಗ ಶಾಲೆಯಿಂದ ಹೊರಬಿದ್ದವನೋ, ಶಾಲೆ ನಡೆಸುವವನೋ?”

ನಾಲ್ಕು ತಿಂಗಳ ಕೆಲಸ. ಅವನ ಮೇಲೆ ಒಂದು ವಾರ ಮುನಿಸಿಕೊಂಡಿದ್ದೆ. ಆಮೇಲೆ ಮೊದಲಿನಿಂದ ಶುರು ಮಾಡಿದೆ.

‘ಆ್ಯಂಡ್ ಆಲ್’ ಎಂಬುದಕ್ಕೆ ‘ಇತ್ಯಾದಿ’ ಎಂದರೆ ಸರ್ಕಾರಿ ಸುತ್ತೋಲೆಯಾಗುತ್ತದೆ. ‘ಅದೂ ಇದೂ’ ಪರವಾಗಿಲ್ಲ, ಆದರೆ ಪ್ರತಿ ಸಾಲಿಗೂ ಬಂದರೆ ಕಲ್ಲು ಕಡಿದಂತೆ. ಒಂದು ದಿನ ಫೋನಿನಲ್ಲಿ ಮಾತನಾಡುತ್ತ ನಾನೇ “ಜ್ವರ ಗಿರ ಏನೂ ಇಲ್ಲ” ಎಂದೆ. ಎಂದವನು ಅಲ್ಲೇ ನಿಂತೆ. ಕನ್ನಡಕ್ಕೆ ಗಿಕಾರವಿದೆಯಲ್ಲ! ಶಾಲೆ ಗೀಲೆ, ಅಪ್ಪ ಗಿಪ್ಪ, ಆಸ್ಪತ್ರೆ ಗೀಸ್ಪತ್ರೆ. ಮಾತನ್ನು ಹೇಳಿ, ಅದರ ಹಿಂದೆಯೇ ಅದನ್ನು ಅಣಕಿಸುವ ಇನ್ನೊಂದನ್ನು ಅಂಟಿಸಿ, ನನಗೇನೂ ಅಂಥ ದೊಡ್ಡ ವಿಷಯವಲ್ಲ ಎಂಬಂತೆ ಕೈ ಕೊಡವಿಕೊಳ್ಳುವುದು. ಹೋಲ್ಡನ್ ಮಾಡುವುದೂ ಅದನ್ನೇ. ತಮಾಷೆಯ ಜಾಗದಲ್ಲಿ ಗಿಕಾರ ಸಲೀಸಾಗಿ ಕೂತಿತು. ಆದರೆ ಅವನು ಆ ಬಾಲವನ್ನು ಅಂಟಿಸುವುದು ತಮಾಷೆಗೆ ಮಾತ್ರವಲ್ಲ ಎಂಬುದು, ಅನುವಾದ ಮುಂದುವರಿದು ‘ಸಾವು ಗೀವು’ ಎಂದು ನನ್ನ ಕೈಯಾರೆ ಬರೆದಾಗ ಗೊತ್ತಾಯಿತು. ಅದನ್ನು ಬರೆದು ಪೆನ್ನು ಕೆಳಗಿಟ್ಟೆ.

ಬೈಗುಳಕ್ಕೆ ‘ಹಾಳಾದ’ ಸಾಕಾಯಿತು. ‘ಹಾಳಾದ ಬಾಗಿಲು’, ‘ಹಾಳಾದ ಬೂಟು’. ಶಾಪವೂ ಹೌದು, ಒಂದು ಬಗೆಯ ಸಲಿಗೆಯೂ ಹೌದು.

ಬರಿಯ ತೋರಿಕೆಯದೆಂದು ಕಂಡದ್ದಕ್ಕೆಲ್ಲ ಹೋಲ್ಡನ್ ಅಂಟಿಸುವ ‘ಫೋನಿ’ ಎಂಬ ಪದ ಮಾತ್ರ ತಿಂಗಳುಗಟ್ಟಲೆ ಕಾಡಿತು. ಈ ಪುಸ್ತಕ ಓದದವರಿಗೂ ಗೊತ್ತಿರುವ ಪದ ಅದು. ಕಪಟ ಎಂದರೆ ಪುರಾಣದ ವಾಸನೆ. ಕೃತಕ ಎಂಬುದು ಹಲ್ಲಿಗೆ, ರೇಷ್ಮೆಗೆ. ಆಷಾಢಭೂತಿ ರುಚಿಯಾದ ಮಾತು, ಆದರೆ ಹದಿನಾರರ ಹುಡುಗನ ಬಾಯಲ್ಲಿ ಅದು ತಾತನ ಕೋಟು. ಕೊನೆಗೆ ಮನುಷ್ಯರಿಗೆ ಸೋಗಲಾಡಿ, ಉಳಿದದ್ದಕ್ಕೆಲ್ಲ ಡೋಂಗಿ ಎಂದು ಹಂಚಿಕೊಂಡೆ. ಅವನ ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯ ಭಾನುವಾರಗಳಂದು ಚೆಂದದ ತಂದೆತಾಯಿಯರ ಜೊತೆ ಅರ್ಧ ಗಂಟೆ ಮಾತನಾಡುತ್ತ, ದಪ್ಪಗಿರುವ, ಹಳೆಯ ಕಾಲದ ಉಡುಪು ತೊಟ್ಟವರ ಕೈ ಕುಲುಕಿ ಡೋಂಗಿ ನಗು ನಕ್ಕು ಮುಂದೆ ಸಾಗುತ್ತಿದ್ದ. ಸೋಗಲಾಡಿ ಎಂಬ ಮಾತು ಅವನಿಗೆ ಅಳತೆ ತೆಗೆದು ಹೊಲಿದಂತೆ ಕೂತಿತು.

ಆದರೆ ಅದೇ ಹುಡುಗ ರೈಲಿನಲ್ಲಿ ಸಹಪಾಠಿಯ ತಾಯಿ ಸಿಕ್ಕಾಗ ತನ್ನ ಹೆಸರು ರುಡಾಲ್ಫ್ ಶ್ಮಿಟ್ ಎನ್ನುತ್ತಾನೆ. ಅದು ಹಾಸ್ಟೆಲಿನ ಜಾಡಮಾಲಿಯ ಹೆಸರು. ತನಗೆ ಮೆದುಳಿನಲ್ಲಿ ಗಡ್ಡೆ, ಶಸ್ತ್ರಚಿಕಿತ್ಸೆಗೆ ಹೋಗುತ್ತಿದ್ದೇನೆ ಎಂದೂ ಸೇರಿಸುತ್ತಾನೆ. ಹೋಟೆಲಿನಲ್ಲಿ ಜಿಮ್ ಸ್ಟೀಲ್ ಆಗುತ್ತಾನೆ. ‘ನಿಜ ಹೇಳಬೇಕೆಂದರೆ’ ಎಂದು ಮಾತುಮಾತಿಗೆ ಹೇಳುವವನು! ಎರಡನೆಯ ಕರಡಿನ ಅರ್ಧದವರೆಗೂ ಈ ಹುಡುಗ ನನಗೆ ಇಷ್ಟವಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಕನ್ನಡ ಅವನ ಇನ್ನೊಂದು ಗುಟ್ಟನ್ನೂ ಹೊರಗೆಳೆಯಿತು. ಬೀಳ್ಕೊಳ್ಳಲು ಹೋದಾಗ ಇತಿಹಾಸದ ಸ್ಪೆನ್ಸರ್ ಮೇಷ್ಟರು ಅವನದೇ ಉತ್ತರಪತ್ರಿಕೆಯನ್ನು ಅವನೆದುರು ಗಟ್ಟಿಯಾಗಿ ಓದಿ ಅವಮಾನಿಸುತ್ತಾರೆ. ಹೋಲ್ಡನ್ ಉತ್ತರಿಸುವುದು ‘ಸರ್, ಸರ್’ ಎಂದೇ. ನಿರೂಪಣೆಯಲ್ಲಿ ಮಾತ್ರ ಅವರು ‘ಓಲ್ಡ್ ಸ್ಪೆನ್ಸರ್’. ಕನ್ನಡದಲ್ಲಿ ಬಾಯಲ್ಲಿ ಬಹುವಚನ, ಮನಸ್ಸಿನಲ್ಲಿ ಏಕವಚನ ಎಂದು ಪುಟದ ಮೇಲೆ ಬೆತ್ತಲೆಯಾಗಿ ಬಿತ್ತು. ಇಂಗ್ಲಿಷಿನಲ್ಲಿ ಮುಚ್ಚಿಕೊಂಡಿದ್ದದ್ದು ಇಲ್ಲಿ ಮುಚ್ಚಲಾಗಲಿಲ್ಲ. ಅದೇ ‘ಓಲ್ಡ್’ ಅವನ ಹತ್ತು ವರ್ಷದ ತಂಗಿಗೂ ಅಂಟಿಕೊಳ್ಳುತ್ತದೆ. ಅಲ್ಲಿ ಮುದುಕಿ ಎನ್ನಲಾದೀತೇ? ‘ನಮ್ಮ ಫೀಬಿ’ ಎಂದು ಬರೆದೆ. ಅವಳಿಗೆ ಕೊಡಬೇಕೆಂದು ಐದು ಡಾಲರ್ ತೆತ್ತು ಕೊಂಡ ಗ್ರಾಮಫೋನ್ ತಟ್ಟೆ ಉದ್ಯಾನದಲ್ಲಿ ಬಿದ್ದು ಚೂರಾದಾಗ ಚೂರುಗಳನ್ನೇ ಜೇಬಿನಲ್ಲಿಟ್ಟು ತರುತ್ತಾನೆ. ನಮ್ಮ ಫೀಬಿ ಅದನ್ನೂ ಇಸಿದುಕೊಂಡು ಎತ್ತಿಡುತ್ತಾಳೆ. ಆ ‘ನಮ್ಮ’ ಸಿಕ್ಕ ದಿನ ನನಗೆ ಹುಡುಗನ ಮೇಲಿನ ಸಿಟ್ಟು ಇಳಿಯಿತು.

ಸೆಂಟ್ರಲ್ ಪಾರ್ಕಿನ ಕೊಳ ಹೆಪ್ಪುಗಟ್ಟಿದಾಗ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಎಂಬ ಅವನ ಪ್ರಶ್ನೆಯ ಬಗ್ಗೆ ವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ನನಗೆ ಅದು ಅರ್ಧ ದಿನದ ಕೆಲಸ. ಆಂಟೊಲಿನಿ ಮೇಷ್ಟರ ಬುದ್ಧಿವಾದ ಇನ್ನೂ ಸಲೀಸು. ಉಪದೇಶಕ್ಕೆ ಬೇಕಾದ ಉಡುಪೆಲ್ಲ ಕನ್ನಡದಲ್ಲಿ ಸಿದ್ಧವಾಗಿ ತೂಗುಹಾಕಿದೆ. ಆ ಭಾಷಣದ ನಡುವೆ ಹೋಲ್ಡನ್ ಆಕಳಿಸುತ್ತಾನೆ ಎಂಬುದನ್ನು ನೆನೆದು, ಸಲೀಸಾಗಿ ಬಂದದ್ದನ್ನು ಹಾಗೆಯೇ ಬಿಟ್ಟೆ.

ಶೀರ್ಷಿಕೆಯ ವಿಷಯ ಬೇರೆ. ನೀನು ಏನಾಗಲು ಬಯಸುತ್ತೀಯ ಎಂದು ಫೀಬಿ ಕೇಳುತ್ತಾಳೆ. ರೈ ಎಂಬ ಧಾನ್ಯದ ಹೊಲದಲ್ಲಿ ಆಡುವ ಸಾವಿರಾರು ಮಕ್ಕಳು ಪ್ರಪಾತದ ಅಂಚಿಗೆ ಓಡಿ ಬಂದರೆ ಹಿಡಿಯುವವನು ತಾನಾಗಬೇಕು ಎನ್ನುತ್ತಾನೆ. ರಾಬರ್ಟ್ ಬರ್ನ್ಸ್‌ನ ಹಳೆಯ ಸ್ಕಾಟಿಷ್ ಹಾಡೊಂದನ್ನು ತಪ್ಪಾಗಿ ನೆನಪಿಟ್ಟುಕೊಂಡು ಕಟ್ಟಿದ ಕನಸು ಅದು. ಹಾಡಿನಲ್ಲಿರುವುದು ಹಿಡಿಯುವುದಲ್ಲ, ಎದುರಾಗುವುದು ಎಂದು ಫೀಬಿ ತಿದ್ದುತ್ತಾಳೆ. ನಾನು ಮೊದಲು ‘ಸಿಕ್ಕರೆ’ ಎಂದು ಬರೆದಿದ್ದೆ. ದಾರಿಯಲ್ಲಿ ಸಿಕ್ಕ ಎಂದರೆ ಭೇಟಿಯಾದ, ಕೈಗೆ ಸಿಕ್ಕ ಎಂದರೆ ಹಿಡಿತಕ್ಕೆ ಬಂದ. ಒಂದೇ ಕ್ರಿಯಾಪದದೊಳಗೆ ಹಾಡೂ ಇದೆ, ಹೋಲ್ಡನ್‌ನ ತಪ್ಪೂ ಇದೆ! ಎರಡು ದಿನ ಹಿಗ್ಗಿನಲ್ಲಿ ಓಡಾಡಿದೆ. ಮೂರನೆಯ ದಿನ ಹೊಳೆಯಿತು, ಎರಡೂ ಒಂದೇ ಪದವಾದರೆ ಫೀಬಿ ತಿದ್ದುವುದೇನನ್ನು? ಅಣ್ಣ ತಪ್ಪು ಕೇಳಿಸಿಕೊಂಡಿದ್ದಾನೆ ಎಂದು ಹತ್ತು ವರ್ಷದವಳು ಹೇಳಲೇಬೇಕು. ಅಷ್ಟು ಚೆಂದದ ‘ಸಿಕ್ಕರೆ’ಯನ್ನು ಹೊಡೆದುಹಾಕಿ ‘ಎದುರಾದರೆ’, ‘ಹಿಡಿದರೆ’ ಎಂದು ಬೇರೆ ಮಾಡಿದೆ. ಇಂದಿಗೂ ಹೊಟ್ಟೆಯುರಿಯುತ್ತದೆ.

ಇನ್ನು ತಮ್ಮನ ವಿಷಯ. ಹೆಸರೇ ತೊಂದರೆ ಕೊಟ್ಟಿತು. ಆಲಿ ಎಂದರೆ ನಮಗೆ ಕಣ್ಣುಗುಡ್ಡೆ, ಅಲಿ ಎಂದರೆ ಬೇರೆಯೇ ಹೆಸರು. ಆ್ಯಲಿ ಎಂದು ಇಟ್ಟುಕೊಂಡೆ. ಹೋಲ್ಡನ್‌ಗಿಂತ ಎರಡು ವರ್ಷ ಚಿಕ್ಕವನು, ಕೆಂಪುಗೂದಲಿನವನು, 1946ರ ಜುಲೈ 18ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡವನು. ಅವನ ಬೇಸ್‌ಬಾಲ್ ಕೈಗವಸಿನ ಮೇಲೆಲ್ಲ ಹಸಿರು ಶಾಯಿಯಲ್ಲಿ ಕವಿತೆಗಳು. ಮೈದಾನದಲ್ಲಿ ಸುಮ್ಮನೆ ನಿಂತಿರುವಾಗ ಓದಲು ಏನಾದರೂ ಇರಲಿ ಎಂದು ಬರೆದುಕೊಂಡದ್ದು. ಅವನು ಸತ್ತ ರಾತ್ರಿ ಹದಿಮೂರರ ಹೋಲ್ಡನ್ ಗ್ಯಾರೇಜಿನಲ್ಲಿ ಮಲಗಿ, ಅಲ್ಲಿನ ಕಿಟಕಿಗಾಜುಗಳನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆಯುತ್ತಾನೆ. ಕಾರಿನ ಗಾಜನ್ನೂ ಒಡೆಯಲು ನೋಡುತ್ತಾನೆ, ಅಷ್ಟರಲ್ಲಿ ಕೈ ಮುರಿದಿತ್ತು. ಇಷ್ಟನ್ನು ಅವನು ಹೇಳುವುದು ಕೊಠಡಿಯ ಜೊತೆಗಾರನಿಗೆ ಪ್ರಬಂಧ ಬರೆದುಕೊಡುವ ನೆಪದಲ್ಲಿ, ನಡುವೆ ತೂರಿಸಿ. ಹೇಳಿ ಮುಗಿಸಿ ಮತ್ತೆ ಬೇರೆಯದಕ್ಕೆ ಹಾರುತ್ತಾನೆ. ಮೊದಲ ಕರಡಿನಲ್ಲಿ ನಾನು ‘ಅಸಂಬದ್ಧ’ ಎಂದು ಅಂಚಿನಲ್ಲಿ ಗುರುತು ಹಾಕಿದ ಜಾಗಗಳನ್ನು ಈಗ ತಿರುವಿ ನೋಡಿದರೆ, ಬಹುಪಾಲು ತಮ್ಮನ ಹತ್ತಿರ ಸುಳಿದು ತಪ್ಪಿಸಿಕೊಂಡ ಜಾಗಗಳೇ. ಅಕ್ಕನ ಮಗ ಇದನ್ನು ನನಗಿಂತ ಮೊದಲು ಕಂಡಿದ್ದ. “ಇವನು ಯಾರಿಗೋ ಫೋನ್ ಮಾಡಬೇಕು ಅಂತ ಹೋಗುತ್ತಾನೆ, ಮಾಡುವುದಿಲ್ಲ, ಗಮನಿಸಿದೆಯಾ ಮಾವ?” ಎಂದಿದ್ದ. ನಿಜ. ರೈಲಿಳಿದ ಕೂಡಲೇ ಫೋನ್ ಬೂತಿಗೆ ಹೊಕ್ಕು, ಒಬ್ಬೊಬ್ಬರನ್ನೇ ನೆನೆದು, ಇಪ್ಪತ್ತು ನಿಮಿಷ ಕಳೆದು, ಯಾರಿಗೂ ಮಾಡದೆ ಹೊರಬರುತ್ತಾನೆ.

ಕೊನೆಯ ಸೋಮವಾರ ಅವನು ಫಿಫ್ತ್ ಅವೆನ್ಯೂದಲ್ಲಿ ನಡೆಯುತ್ತಿದ್ದಾನೆ. ಪ್ರತಿ ಅಡ್ಡರಸ್ತೆಗೆ ಕಾಲಿಡುವಾಗಲೂ, ಆಚೆ ಬದಿ ತಲುಪುವುದೇ ಇಲ್ಲ, ಕೆಳಕ್ಕೆ ಕೆಳಕ್ಕೆ ಇಳಿದು ಇಲ್ಲವಾಗುತ್ತೇನೆ ಎಂಬ ಭಯ. ಆಗ ಸತ್ತ ತಮ್ಮನನ್ನು ಕೂಗಿ ಬೇಡಿಕೊಳ್ಳುತ್ತಾನೆ, ನನ್ನನ್ನು ಮಾಯವಾಗಲು ಬಿಡಬೇಡ ಎಂದು. ಆಚೆ ಬದಿ ಮುಟ್ಟಿದಾಗಲೆಲ್ಲ ಅವನಿಗೆ ಕೃತಜ್ಞತೆ ಹೇಳುತ್ತಾನೆ. ಇಲ್ಲಿ ನನ್ನ ಕನ್ನಡ ಕೈಕೊಟ್ಟಿತು. ತಮ್ಮನಿಗೆ ಯಾರು ಧನ್ಯವಾದ ಹೇಳುತ್ತಾರೆ? ‘ಧನ್ಯವಾದ ಆ್ಯಲಿ’ ಎಂದು ಬರೆದರೆ ಸಭೆಯ ವಂದನಾರ್ಪಣೆ. ‘ಥ್ಯಾಂಕ್ಸ್’ ಎಂದರೆ ಯಾರೋ ಲೋಟ ದಾಟಿಸಿದ ಹಾಗೆ. ಉಪಕಾರ, ಋಣ, ಯಾವುದೂ ಹತ್ತಿರ ಬರಲಿಲ್ಲ. ಆ ಒಂದು ಪುಟಕ್ಕೆ ಮೂರು ವಾರ ಹಿಡಿಯಿತು. ಕೊನೆಗೆ ಬರೆದದ್ದು: “ದಾಟಿದೆ ಕಣೋ, ಆ್ಯಲಿ.” ಪ್ರತಿ ಅಡ್ಡರಸ್ತೆಗೂ ಅದೇ. ಕೃತಜ್ಞತೆಯ ಪದವೇ ಇಲ್ಲ, ಮೂಲದಿಂದ ಅಷ್ಟು ದೂರ ಹೋದೆನಲ್ಲ ಎಂಬ ಅಳುಕು ಇದೆ. ಬದಲಾಯಿಸಿಲ್ಲ.

ಆ ‘ಕಣೋ’ ಬಂದ ಮೇಲೆ ಮೊದಲ ವಾಕ್ಯದ ಗಂಟು ಸಡಿಲಾಯಿತು. ಅವನಿಗೆ ಅನುಮಾನವಿಲ್ಲದೆ ಏಕವಚನದಲ್ಲಿ ಕರೆಯಲು ಆಗುವುದು ಇಬ್ಬರನ್ನೇ, ಒಬ್ಬಳು ಮಲಗುವ ಕೋಣೆಯಲ್ಲಿರುವ ತಂಗಿ, ಇನ್ನೊಬ್ಬ ಇಲ್ಲದ ತಮ್ಮ. ಉಳಿದ ನಾವೆಲ್ಲ ಅವನಿಗೆ ಸ್ಪೆನ್ಸರ್ ಮೇಷ್ಟರ ಸಾಲಿನವರು. ಆದ್ದರಿಂದ ನಮಗೆ ‘ನೀವು’. ಹಿಂದಕ್ಕೆ ಹೋಗಿ ಇಡೀ ನೋಟ್‌ಬುಕ್ಕನ್ನು ಹಾಗೆ ತಿದ್ದಿದೆ, ಎಲ್ಲ ಇಂಕಿನಲ್ಲಿ.

ಒಂದು ಜಾಗ ಬಿಟ್ಟು. ಕಾದಂಬರಿಯ ಕಟ್ಟಕಡೆಗೆ ಅವನು, ಯಾರಿಗೂ ಏನೂ ಹೇಳಬಾರದು, ಹೇಳಿದರೆ ಎಲ್ಲರೂ ನೆನಪಾಗಿ ಕಾಡುತ್ತಾರೆ ಎಂಬರ್ಥದ ಮಾತು ಹೇಳಿ ನಿಲ್ಲಿಸುತ್ತಾನೆ. ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನಾವು ಅವನಿಗೆ ‘ನೀವು’ ಆಗಿಯೇ ಉಳಿದಿದ್ದೇವೆಯೇ? ‘ಹೇಳಬೇಡ’ ಎಂದು ಇಂಕಿನಲ್ಲಿ ಬರೆದಿದ್ದೇನೆ. ಡಕಾರದ ಮೇಲಿನ ಗುಡಿಸು ಪೆನ್ಸಿಲಿನಲ್ಲಿದೆ.